ಕಾವಲಿಯಿಂದ ಬಾವಿಯವರೆಗೆ: ಪಿಎಫ್‌ಎಎಸ್ ಕಡಿಮೆ ಮಾಡ್ಲಿಕ್ಕೆ ಮಂಗಳೂರು-ಉಡುಪಿಯವರಿಗೆ ಸಮಗ್ರ ಮಾರ್ಗದರ್ಶಿ

ಪಿಎಫ್‌ಎಎಸ್ ಅನ್ನುವ, ಎಷ್ಟು ವರ್ಷ ಆದ್ರೂ ಒಡೆಯದ "ಫಾರೆವರ್ ಕೆಮಿಕಲ್" ಬಗ್ಗೆ ವಿಡಿಯೊಗಳು ಫ್ಯಾಮಿಲಿ ಗ್ರೂಪಿಗೆ ಬಂದ ಕೂಡ್ಲೆ ಎರಡು ಪಾರ್ಟಿ ಆಗ್ತದೆ. ಒಂದು ಪಾರ್ಟಿ ಮನೆಯ ನಾನ್‌ಸ್ಟಿಕ್ ಎಲ್ಲ ನಾಳೆಯೇ ಗುಜರಿಗೆ ಹಾಕುವ ಅಂತದೆ, ಇನ್ನೊಂದು ಪಾರ್ಟಿ ಇದೆಲ್ಲ ಹೆದರಿಸಿ ವಾಟರ್ ಫಿಲ್ಟರ್ ಮಾರುವ ಐಡಿಯಾ ಅಂತ ಫಾರ್ವರ್ಡ್ ಮಾಡಿದವನಿಗೇ ಬಯ್ಯುದು. ನನ್ನ ಪ್ರಕಾರ ಇಬ್ಬರ ಹತ್ರವೂ ಅರ್ಧರ್ಧ ಸತ್ಯ ಉಂಟು. ಕೆಮಿಕಲ್ ನಿಜ, ಅದರ ಹಾನಿಯೂ ನಿಜ. ಆದ್ರೆ ಯಾವುದಕ್ಕೆ ಮೊದಲು ಕೈ ಹಾಕ್ಬೇಕು, ಯಾವುದಕ್ಕೆ ಒಂದು ರೂಪಾಯಿಯೂ ಖರ್ಚು ಮಾಡುದು ಬೇಡ ಅನ್ನುವ ಲೆಕ್ಕ ಯಾರೂ ಹೇಳುದಿಲ್ಲ. ಅದಕ್ಕೇ ಸ್ವಲ್ಪ ಉದ್ದ ಆದ್ರೂ ಸರಿ ಅಂತ ಬರೀತಾ ಇದ್ದೇನೆ.

ಮೊದಲು, ಇದು ಎಂತದ್ದು

ಪಿಎಫ್‌ಎಎಸ್ ಅಂದ್ರೆ ಒಂದು ಕೆಮಿಕಲ್ ಅಲ್ಲ, ಸಾವಿರಾರು ಕೆಮಿಕಲ್‌ಗಳ ಕುಟುಂಬ. ಎಲ್ಲದರಲ್ಲೂ ಕಾರ್ಬನ್ನಿಗೆ ಫ್ಲೋರಿನ್ ಅಂಟಿಕೊಂಡಿರ್ತದೆ, ಆ ಬಂಧ ಎಷ್ಟು ಗಟ್ಟಿ ಅಂದ್ರೆ ಬಿಸಿಲಿಗೂ ಒಡೆಯುದಿಲ್ಲ, ಮಣ್ಣಿನ ಬ್ಯಾಕ್ಟೀರಿಯಾಕ್ಕೂ ಒಡೆಯುದಿಲ್ಲ, ನಮ್ಮ ಲಿವರಿಗೂ ಆಗುದಿಲ್ಲ. ನೀರೂ ಎಣ್ಣೆಯೂ ಎರಡೂ ಅಂಟದ ಹಾಗೆ ಮಾಡುವ ಗುಣ ಉಂಟು, ಅದಕ್ಕೇ ಬಾಣಲೆ, ರೈನ್‌ಕೋಟ್, ಪಿಜ್ಜಾ ಬಾಕ್ಸ್, ಕಾರ್ಪೆಟ್, ಬೆಂಕಿ ಆರಿಸುವ ಫೋಮ್ ಅಂತ ಎಲ್ಲ ಕಡೆ ಹಾಕಿದ್ರು. ಟೆಫ್ಲಾನ್ ಅಂತ ನಾವು ಕರೆಯುವ ಪಿಟಿಎಫ್‌ಇ ಸಿಕ್ಕಿದ್ದು 1938ರಲ್ಲಿ, ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅನ್ನುವವರು ಫ್ರಿಜ್ ಗ್ಯಾಸ್ ಹುಡುಕ್ತಾ ಇದ್ದಾಗ.

ಒಂದು ಗೊಂದಲ ಇಲ್ಲಿಯೇ ತೆಗೆದು ಬಿಡುವ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಲ್ಲಿ ಹಲ್ಲು ಹಳದಿ ಆಗುವ, ಎಲುಬು ಬಾಗುವ ಸಮಸ್ಯೆ ಉಂಟಲ್ಲ, ಅದು ಫ್ಲೋರೈಡ್. ಬಂಡೆಯಿಂದ ಬರುವ ಲವಣ. ಟೂತ್‌ಪೇಸ್ಟಿನಲ್ಲಿ ಇರುದೂ ಅದೇ ಜಾತಿ. ಪಿಎಫ್‌ಎಎಸ್ ಮನುಷ್ಯ ಮಾಡಿದ್ದು, ಬೇರೆಯೇ ವಸ್ತು, ಫ್ಲೋರೈಡ್ ಟೆಸ್ಟ್ ಮಾಡಿಸಿದ್ರೆ ಅದರಲ್ಲಿ ಇದು ಕಾಣುದಿಲ್ಲ.

ಆರೋಗ್ಯದ ವಿಷಯ ಹೊರಗೆ ಬಂದದ್ದು ಹೇಗೆ ಅಂದ್ರೆ, ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಊರಲ್ಲಿ ವಿಲ್ಬರ್ ಟೆನಂಟ್ ಅನ್ನುವ ರೈತರ ದನಗಳು ಸಾಲು ಸಾಲಾಗಿ ಸಾಯ್ಲಿಕ್ಕೆ ಶುರುವಾಯ್ತು, ಅವರು ವಕೀಲ ರಾಬ್ ಬಿಲಾಟ್ ಹತ್ರ ಹೋದ್ರು, ಕೇಸ್ ಅಗೆದು ನೋಡಿದ್ರೆ ಟೆಫ್ಲಾನ್ ತಯಾರಿಗೆ ಬಳಸುವ ಪಿಎಫ್‌ಒಎ ಅನ್ನುವ ಕೆಮಿಕಲ್ ಡಂಪಿನಿಂದ ತೋಡಿಗೆ, ಫ್ಯಾಕ್ಟರಿಯಿಂದ ಕುಡಿಯುವ ನೀರಿಗೆ ಹೋಗಿತ್ತು. ಕೋರ್ಟ್ ರಾಜಿಯ ಭಾಗವಾಗಿ ಸುಮಾರು 69,000 ಜನರ ರಕ್ತ ಪರೀಕ್ಷೆ ಆಯ್ತು. ಅದನ್ನು ನೋಡಿದ ವಿಜ್ಞಾನಿಗಳ ಸಮಿತಿ 2012ರ ಹೊತ್ತಿಗೆ ಆರು ಕಾಯಿಲೆಗೆ ಸಂಬಂಧ ಇರುವ ಸಾಧ್ಯತೆ ಹೆಚ್ಚು ಅಂತ ಹೇಳ್ತು: ಹೈ ಕೊಲೆಸ್ಟ್ರಾಲ್, ಥೈರಾಯ್ಡ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್, ಕಿಡ್ನಿ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಗರ್ಭಿಣಿಯರಿಗೆ ಬರುವ ಬಿಪಿ. ಮಕ್ಕಳಿಗೆ ಲಸಿಕೆ ಕೊಟ್ಟ ಮೇಲೆ ಬರ್ಬೇಕಾದ ಪ್ರತಿಕಾಯ ಕಡಿಮೆ ಆಗ್ತದೆ ಅಂತ ಫ್ಯಾರೋ ದ್ವೀಪದ ಅಧ್ಯಯನಗಳು ತೋರಿಸಿದ್ವು. 2023ರಲ್ಲಿ ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆ ಐಎಆರ್‌ಸಿ ಪಿಎಫ್‌ಒಎಯನ್ನು ಗ್ರೂಪ್ 1ಕ್ಕೆ ಹಾಕಿತು, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರ್ತದೆ ಅಂತ ಖಚಿತ. ಅದರ ಅಣ್ಣ-ತಮ್ಮ ಇದ್ದ ಹಾಗಿರುವ ಪಿಎಫ್‌ಒಎಸ್ ಗ್ರೂಪ್ 2ಬಿ, ಅಂದ್ರೆ ತರಬಹುದು.

ಮತ್ತೆ ಇದು ಮೈಯಿಂದ ಬೇಗ ಹೋಗುದೂ ಇಲ್ಲ. ರಕ್ತದಲ್ಲಿ ಇದ್ದದ್ದು ಅರ್ಧ ಆಗ್ಲಿಕ್ಕೆ ಪಿಎಫ್‌ಒಎಗೆ ಎರಡು-ಮೂರು ವರ್ಷ ಬೇಕು, ಪಿಎಫ್‌ಒಎಸ್‌ಗೆ ಇನ್ನೂ ಜಾಸ್ತಿ. ಹಾಗಾಗಿ ಒಂದು ದಿನ ಎಂತ ತಿಂದ್ರಿ ಅನ್ನುದಕ್ಕೆ ಬೆಲೆ ಇಲ್ಲ, ವರ್ಷಗಟ್ಟಲೆ ದಿನಾ ಎಂತ ಒಳಗೆ ಹೋಗ್ತದೆ ಅನ್ನುದೇ ಮುಖ್ಯ. ಕೆಳಗಿನ ಹಂತಗಳನ್ನು ಓದುವಾಗ ಇದೊಂದು ತಲೆಯಲ್ಲಿ ಇರ್ಲಿ.

ಹಂತ 1: ನಾನ್‌ಸ್ಟಿಕ್, ಖಾಲಿ ಕಾಯಿಸುದು ನಿಲ್ಲಿಸಿ

ಹೆಚ್ಚಿನವರಿಗೆ ಆಶ್ಚರ್ಯ ಆಗುವ ಮಾತು: ಸರಿಯಾಗಿ ಬಳಸುವ ನಾನ್‌ಸ್ಟಿಕ್ ಕಾವಲಿಯಿಂದ ನಿಮ್ಮ ರಕ್ತಕ್ಕೆ ಹೋಗುದು ತುಂಬ ಕಡಿಮೆ. ಪಿಟಿಎಫ್‌ಇ ಒಂದು ದೊಡ್ಡ ಪಾಲಿಮರ್, ಕೋಟಿಂಗಿನ ಚೂರು ಎದ್ದು ದೋಸೆಯ ಜೊತೆ ಹೊಟ್ಟೆಗೆ ಹೋದ್ರೂ ಕರಗದೆ ಹಾಗೆಯೇ ಹೊರಗೆ ಬರ್ತದೆ. ಸಮಸ್ಯೆ ಎರಡು. ಒಂದು, ಅದನ್ನು ತಯಾರು ಮಾಡುವ ಜಾಗದಲ್ಲಿ ಆಗುವ ಮಾಲಿನ್ಯ. ಎರಡನೆಯದ್ದು ನಮ್ಮ ಕೈಯಲ್ಲಿ ಉಂಟು, ಅತಿ ಬಿಸಿ.

ಪಿಟಿಎಫ್‌ಇಯನ್ನು 260 ಡಿಗ್ರಿ ಸೆಲ್ಸಿಯಸ್ ದಾಟಿಸ್ಬಾರ್ದು. ಅದರ ಮೇಲೆ ನಿಧಾನ ಹಾಳಾಗ್ಲಿಕ್ಕೆ ಶುರು, 350ರ ಆಚೆ ಹೋದ್ರೆ ವಿಷದ ಹೊಗೆ ಜೋರಾಗಿ ಬರ್ತದೆ. ಆ ಹೊಗೆ ಕುಡಿದ್ರೆ ಫ್ಲೂ ತರದ ಜ್ವರ, ಎದೆ ಬಿಗಿತ ಬರ್ಬಹುದು, ಪಾಲಿಮರ್ ಫ್ಯೂಮ್ ಫೀವರ್ ಅಂತ ಹೆಸರು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗ್ತದೆ. ಆದ್ರೆ ಮನೆಯಲ್ಲಿ ಗಿಳಿ, ಲವ್‌ಬರ್ಡ್ಸ್ ಇದ್ರೆ ಅವು ಸತ್ತೇ ಹೋಗ್ತವೆ, ಹಕ್ಕಿಗಳ ಶ್ವಾಸಕೋಶ ಅಷ್ಟು ಸೂಕ್ಷ್ಮ. ಪಂಜರ ಅಡುಗೆಮನೆ ಹತ್ರ ಇಡ್ಲೇಬೇಡಿ.

260 ಡಿಗ್ರಿ ಅಷ್ಟು ಸುಲಭಕ್ಕೆ ಆಗ್ತದಾ? ಆಗ್ತದೆ, ಖಾಲಿ ಕಾವಲಿ ದೊಡ್ಡ ಉರಿಯಲ್ಲಿ ಇಟ್ರೆ ಕೆಲವೇ ನಿಮಿಷ ಸಾಕು. ಮತ್ತೆ ನಮ್ಮಲ್ಲಿ ಇದಕ್ಕೆ ಒಂದು ವಿಶೇಷ ಕಾರಣ ಉಂಟು, ನೀರುದೋಸೆ. ಬೀಡಿನ ಕಾವಲಿಯಲ್ಲಿ ನೀರುದೋಸೆಗೆ ತೂತು ಬರ್ಬೇಕಾದ್ರೆ ಕಾವಲಿ ಚೆನ್ನಾಗಿ ಕಾಯ್ಬೇಕು, ಹಿಟ್ಟು ಬಿದ್ದ ಕೂಡ್ಲೆ ಚುಂಯ್ ಅನ್ಬೇಕು, ಅದು ಎಲ್ಲರ ಕೈಗೆ ಅಜ್ಜಿಯ ಕಾಲದಿಂದ ಕೂತ ಅಭ್ಯಾಸ. ಅದೇ ಅಭ್ಯಾಸವನ್ನು ನಾನ್‌ಸ್ಟಿಕ್ಕಿಗೆ ತಂದದ್ದು ತಪ್ಪಾಗಿದ್ದು, ದೊಡ್ಡ ಉರಿ ಇಟ್ಟು, ಖಾಲಿ ಬಿಟ್ಟು, ಅತ್ತ ತೆಂಗಿನಕಾಯಿ ತುರಿಲಿಕ್ಕೆ ಹೋಗುದು, ಫೋನ್ ಬಂದ್ರೆ ಮಾತಾಡುದು, ವಾಪಸ್ ಬರುವಾಗ ಹೊಗೆ.

ಹಾಗಾಗಿ ನಾನ್‌ಸ್ಟಿಕ್ ಇಟ್ಕೊಳ್ಳುದಾದ್ರೆ ಹೀಗೆ ಮಾಡಿ. ಉರಿ ಮೀಡಿಯಮ್ಮಿಗಿಂತ ಮೇಲೆ ಬೇಡ. ಕಾವಲಿ ಇಡುವಾಗಲೇ ಅರ್ಧ ಚಮಚ ತೆಂಗಿನೆಣ್ಣೆ ಸವರಿ. ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಗೇ ಹೊಗೆ ಬಿಡ್ತದೆ, ಅಂದ್ರೆ ಎಣ್ಣೆ ಹೊಗೆಯಾಡ್ಲಿಕ್ಕೆ ಶುರುವಾಯ್ತು ಅಂದ್ರೆ ಉರಿ ಸಣ್ಣ ಮಾಡ್ಬೇಕು, ಕೋಟಿಂಗ್ ಹಾಳಾಗುವ ಬಿಸಿ ಇನ್ನೂ ದೂರ ಇರುವಾಗಲೇ ನಿಮಗೆ ಸಿಗ್ನಲ್ ಸಿಕ್ತು. ಥರ್ಮಾಮೀಟರ್ ಎಲ್ಲ ಎಂತಕ್ಕೆ. ಬಂಗುಡೆ ತವಾ ಫ್ರೈಯನ್ನು ಸ್ಟೀಲ್ ಸಟ್ಟುಗದಲ್ಲಿ ಕೆರೆದು ಮಗುಚುದು ಬೇಡ, ಮರದ್ದು ಬಳಸಿ. ಕೋಟಿಂಗ್ ಎದ್ದು ಅಲ್ಯೂಮಿನಿಯಂ ಕಾಣ್ಲಿಕ್ಕೆ ಶುರುವಾದ್ರೆ ಆ ಕಾವಲಿ ಸಾಕು.

ಅಂಗಡಿಯ ಲೇಬಲ್ ಬಗ್ಗೆ: "ಪಿಎಫ್‌ಒಎ ಫ್ರೀ" ಅಂತ ಬರೆದ್ರೆ ಒಂದು ಕೆಮಿಕಲ್ ಇಲ್ಲ ಅಂತ ಮಾತ್ರ ಅರ್ಥ, ಕೋಟಿಂಗ್ ಪಿಟಿಎಫ್‌ಇಯೇ ಇರ್ಬಹುದು, ಅದೂ ಪಿಎಫ್‌ಎಎಸ್ ಕುಟುಂಬದ್ದೇ. "ಗ್ರಾನೈಟ್", "ಸ್ಟೋನ್" ಅಂತ ಚುಕ್ಕೆ ಚುಕ್ಕೆ ಇರುವ ಬಾಣಲೆಗಳಲ್ಲೂ ತುಂಬ ಸಲ ಕೆಳಗೆ ಅದೇ ಕೋಟಿಂಗ್, ಕಲ್ಲು ಬರೀ ಬಣ್ಣದಲ್ಲಿ. "ಪಿಟಿಎಫ್‌ಇ ಫ್ರೀ" ಅಥವಾ "ಪಿಎಫ್‌ಎಎಸ್ ಫ್ರೀ" ಅಂತ ಇದ್ಯಾ ನೋಡಿ. ನಿಜವಾದ ಸೆರಾಮಿಕ್ ಕೋಟಿಂಗ್ ಸಿಲಿಕಾದ್ದು, ಅದರಲ್ಲಿ ಫ್ಲೋರಿನ್ ಇಲ್ಲ, ಆದ್ರೆ ಬೇಗ ಅಂಟ್ಲಿಕ್ಕೆ ಶುರುವಾಗ್ತದೆ, ಅದು ಗೊತ್ತಿದ್ದು ತಗೊಳ್ಳಿ. ಗುಳಿಯಪ್ಪದ ಕಾವಲಿ, ಸ್ಯಾಂಡ್‌ವಿಚ್ ಮೇಕರ್, ಏರ್ ಫ್ರೈಯರಿನ ಬುಟ್ಟಿ ಎಲ್ಲದಕ್ಕೂ ಇದೇ ಮಾತು.

ಹಂತ 2: ಬೀಡಿನ ಕಾವಲಿ ಪಳಗಿಸಿ

ದುಡ್ಡು ಖರ್ಚು ಮಾಡ್ಬೇಕು ಅಂತ ಮನಸ್ಸಿದ್ರೆ ನಾನು ಹೇಳುದು ಇಲ್ಲಿಗೆ ಹಾಕಿ ಅಂತ. ಮಂಗಳೂರು ಕಾರ್‌ಸ್ಟ್ರೀಟ್, ಉಡುಪಿ ರಥಬೀದಿ ಆಚೀಚೆ ಪಾತ್ರೆ ಅಂಗಡಿಯಲ್ಲಿ ಕೇಳಿ, ಜಾತ್ರೆ ಸಂತೆಯಲ್ಲೂ ಸಿಗ್ತದೆ. ಎರಡು ದೋಸೆ ಅಂಟಿದ ಕೂಡ್ಲೆ ಅಟ್ಟಕ್ಕೆ ಹಾಕ್ಬೇಡಿ, ಪಳಗಿಸದ ಬೀಡು ಅಂಟಿಯೇ ಅಂಟ್ತದೆ.

ಕುಚ್ಚಲಕ್ಕಿ ಗಂಜಿಯ ತೆಳಿಯಲ್ಲಿ ಎರಡು ಮೂರು ದಿನ ಮುಳುಗಿಸಿಡಿ, ದಿನಾ ತೆಳಿ ಬದಲಿಸಿ. ಆಮೇಲೆ ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದು ಒಲೆ ಮೇಲೆ ಇಟ್ಟು ಪೂರ್ತಿ ಒಣಗಿಸಿ, ಬೆಚ್ಚಗೆ ಇರುವಾಗಲೇ ತೆಳ್ಳಗೆ ಎಣ್ಣೆ ಸವರಿ ಸಣ್ಣ ಹೊಗೆ ಬರುವವರೆಗೆ ಕಾಯಿಸಿ, ತಣಿಯಲಿ, ಮತ್ತೆ ಸವರಿ, ಹೀಗೆ ನಾಲ್ಕೈದು ಸಲ. ಎಣ್ಣೆ ದಪ್ಪ ಹಾಕಿದ್ರೆ ಜಿಗುಟಾಗ್ತದೆ, ಬಟ್ಟೆಯಲ್ಲಿ ಒರೆಸಿ ತೆಗೆದ ಹಾಗೆ ಇರ್ಬೇಕು. ಅರ್ಧ ಮಾಡಿದ ನೀರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಎಣ್ಣೆಯಲ್ಲಿ ಅದ್ದಿ ಉಜ್ಜುದು ಎಲ್ಲರಿಗೂ ಗೊತ್ತು. ಮೊದಲು ಉದ್ದಿನ ದೋಸೆ ಹೊಯ್ಯಿರಿ, ನೀರುದೋಸೆಗೆ ಕೂಡ್ಲೆ ಹೋಗ್ಬೇಡಿ. ಸೋಪು ಹಾಕಿ ತಿಕ್ಕಿ ನೆನೆಸಿಡ್ಬೇಡಿ, ಹುಳಿ ಪದಾರ್ಥ ಅದರಲ್ಲಿ ಕುದಿಸ್ಬೇಡಿ, ಮಳೆಗಾಲದಲ್ಲಿ ಎಣ್ಣೆ ಸವರದೆ ಇಟ್ರೆ ಒಂದು ರಾತ್ರಿಯಲ್ಲಿ ತುಕ್ಕು. ಮೀನಿನ ಗಸಿಗೆ ಹೇಗೂ ಮಣ್ಣಿನ ಪಾತ್ರೆ ಉಂಟು.

ಹಂತ 3: ಹಳೆಯದ್ದನ್ನು ಬಚ್ಚಲ ಒಲೆಗೆ ಹಾಕ್ಬೇಡಿ

ನಮ್ಮ ಕಡೆ ಹಂಡೆ ಒಲೆ ಅಂದ್ರೆ ಮನೆಯ ಕಸದ ತೊಟ್ಟಿ ಕೂಡ. ತೆಂಗಿನ ಸಿಪ್ಪೆ, ಕೊತ್ತಳಿಗೆ ಜೊತೆ ಪಾರ್ಸೆಲ್ ಬಾಕ್ಸು, ಬೇಕರಿ ಕವರು, ಹರಿದ ರೈನ್‌ಕೋಟು ಎಲ್ಲ ಹೋಗ್ತದೆ, ಬೂದಿ ತೆಂಗಿನ ಬುಡಕ್ಕೆ, ಮಲ್ಲಿಗೆ ಗಿಡಕ್ಕೆ. ಪಿಎಫ್‌ಎಎಸ್ ಸರಿಯಾಗಿ ಸುಟ್ಟು ನಾಶ ಆಗ್ಬೇಕಾದ್ರೆ 1,000 ಡಿಗ್ರಿಗಿಂತ ಮೇಲಿನ ಬಿಸಿ, ಕಂಟ್ರೋಲ್ ಇರುವ ಕುಲುಮೆ ಬೇಕು. ಬಚ್ಚಲ ಒಲೆಯಲ್ಲಿ ಅದು ಅರ್ಧಂಬರ್ಧ ಆಗಿ ಸ್ವಲ್ಪ ಹೊಗೆಯಲ್ಲಿ ಸ್ವಲ್ಪ ಬೂದಿಯಲ್ಲಿ ಉಳೀತದೆ, ಆ ಬೂದಿ ಬಾವಿಯ ಹತ್ರದ ತೆಂಗಿಗೇ ಬಿದ್ರೆ ಮಳೆಗೆ ಎಲ್ಲಿ ಹೋಗ್ತದೆ ನೀವೇ ಹೇಳಿ. ಎಣ್ಣೆ ಹೀರದ ಪೇಪರು, ಕೋಟಿಂಗ್ ಇರುವ ಬಟ್ಟೆ ಒಲೆಗೆ ಬೇಡ. ನಾನ್‌ಸ್ಟಿಕ್ ಕೋಟಿಂಗನ್ನು ಒಲೆಯಲ್ಲಿ ಸುಟ್ಟು ತೆಗೆದು ಅಲ್ಯೂಮಿನಿಯಂ ಮಾರುವ ಐಡಿಯಾ ಅಂತೂ ಬೇಡವೇ ಬೇಡ, ಹಾಗೆಯೇ ಗುಜರಿಗೆ ಕೊಡಿ.

ಡಂಪಿಂಗ್ ಯಾರ್ಡಿಗೆ ಹೋದ್ರೂ ಕತೆ ಮುಗೀಲಿಲ್ಲ. ಯಾವ ದೇಶದಲ್ಲಿ ನೋಡಿದ್ರೂ ಕಸದ ಗುಡ್ಡದಿಂದ ಇಳಿಯುವ ಕಪ್ಪು ನೀರಲ್ಲಿ ಪಿಎಫ್‌ಎಎಸ್ ಸಿಗ್ತದೆ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸ ಜಾರಿ ಮಂದಾರಕ್ಕೆ ನುಗ್ಗಿ ತೋಟ, ಮನೆ ಮುಚ್ಚಿದ್ದು ಇಲ್ಲಿಯವರಿಗೆ ನೆನಪಿರ್ಬಹುದು, ಅಂಥ ಜಾಗದ ಕೆಳಗಿನ ಬಾವಿಯವರು ಹಂತ 5ನ್ನು ಬಿಡದೆ ಓದಿ.

ಹಂತ 4: ಪಾರ್ಸೆಲ್, ಪ್ಲೇಟ್, ಬೇಕರಿ ಪೇಪರ್

ಬಿಸಿ, ಎಣ್ಣೆ ಇರುವ ತಿಂಡಿಯನ್ನು ಎಣ್ಣೆ ಹೀರದ ಪೇಪರಿನಲ್ಲಿ ಸುತ್ತಿದ್ರೆ ಆ ಪೇಪರಿನದ್ದು ತಿಂಡಿಗೆ ಹತ್ತುದು ಸಹಜ. ಮೈಕ್ರೋವೇವ್ ಪಾಪ್‌ಕಾರ್ನ್ ಕವರ್, ಬರ್ಗರ್ ಪೇಪರ್, ಪಿಜ್ಜಾ ಬಾಕ್ಸಿನ ಬಗ್ಗೆ ಹೆಚ್ಚು ಮಾತಾಗಿದ್ದು ಇದಕ್ಕೇ. ಡೆನ್ಮಾರ್ಕ್ 2020ರಲ್ಲಿಯೇ ಆಹಾರದ ಪೇಪರಿನಲ್ಲಿ ಇದನ್ನು ನಿಷೇಧ ಮಾಡಿತು, ಅಮೆರಿಕದಲ್ಲಿ ಇಂಥ ಗ್ರೀಸ್‌ಪ್ರೂಫ್ ಕೋಟಿಂಗ್ ಮಾರಾಟ ನಿಂತಿದೆ ಅಂತ ಅಲ್ಲಿನ ಆಹಾರ-ಔಷಧ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಹೇಳಿತು.

ಮನೆಯಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡ್ಬಹುದು. ಪೇಪರಿನ ಮೇಲೆ ಒಂದು ಹನಿ ಎಣ್ಣೆ ಬಿಡಿ. ಹರಡಿ ಹೀರ್ಕೊಂಡ್ರೆ ಕೋಟಿಂಗ್ ಇಲ್ಲ. ಗುಂಡಗೆ ಮಣಿ ಹಾಗೆ ನಿಂತ್ರೆ ಫ್ಲೋರಿನ್ ಕೋಟಿಂಗ್ ಅಂತ ಅನುಮಾನ ಪಡಿ. ಪ್ಲಾಸ್ಟಿಕ್ ಲೈನಿಂಗ್ ಇದ್ರೆ ಈ ಟೆಸ್ಟ್ ಸರಿ ಹೇಳುದಿಲ್ಲ, ಅನುಮಾನಕ್ಕೆ ಮಾತ್ರ ಇದು, ಸಾಕ್ಷಿ ಅಲ್ಲ.

ಮದುವೆಮನೆಗೆ ಈಗ "ಇಕೋ ಫ್ರೆಂಡ್ಲಿ" ಅಂತ ಕಬ್ಬಿನ ಸಿಪ್ಪೆಯ ಬಿಳಿ ಬಟ್ಟಲು ತರ್ತಾರಲ್ಲ, ಅದರಲ್ಲಿ ಬಿಸಿ ಸಾರು ಸೋರದೆ ನಿಲ್ಬೇಕಾದ್ರೆ ಎಂತಾದ್ರೂ ಹಾಕಲೇಬೇಕು. ಅಮೆರಿಕದಲ್ಲಿ ಇಂಥ ಅಚ್ಚು ಹಾಕಿದ ನಾರಿನ ಬಟ್ಟಲುಗಳಲ್ಲಿ ಪಿಎಫ್‌ಎಎಸ್ ಸಿಕ್ಕಿತ್ತು. ದೊಡ್ಡ ಆರ್ಡರ್ ಕೊಡುವವರು ಸಪ್ಲೈಯರ್ ಹತ್ರ "ಫ್ಲೋರಿನ್ ಹಾಕಿಲ್ಲ ಅಂತ ಲ್ಯಾಬ್ ರಿಪೋರ್ಟ್ ಕೊಡಿ" ಅಂತ ಕೇಳಿ, ಸಾವಿರ ಪ್ಲೇಟಿನ ಆರ್ಡರ್ ಇದ್ರೆ ಅವರೂ ಹುಡುಕಿ ತರ್ತಾರೆ. ಬಾಳೆಎಲೆಗೆ ಯಾವ ರಿಪೋರ್ಟೂ ಬೇಡ. ಅಡಿಕೆ ಹಾಳೆ ತಟ್ಟೆಗೂ ಈ ಕೋಟಿಂಗ್ ಬೇಕಾಗುದಿಲ್ಲ, ಅದರ ಮೇಲೆ ಅಮೆರಿಕದ ಎಫ್‌ಡಿಎ 2025ರಲ್ಲಿ ತೆಗೆದ ತಕರಾರು ಅಡಿಕೆಯ ಆಲ್ಕಲಾಯ್ಡ್ ಬಗ್ಗೆ, ಅದು ಬೇರೆಯೇ ಜಗಳ, ಇದಕ್ಕೆ ತಂದು ಸೇರಿಸ್ಬೇಡಿ.

ಗೋಳಿಬಜೆ, ಬನ್ಸ್ ತರ್ಲಿಕ್ಕೆ ಮನೆಯಿಂದ ಸ್ಟೀಲ್ ಡಬ್ಬಿ ತಗೊಂಡು ಹೋಗಿ. ನ್ಯೂಸ್‌ಪೇಪರ್ ಬೇಡ, ಅದರ ಶಾಯಿ ಇನ್ನೊಂದು ತಲೆನೋವು.

ಹಂತ 5: ನೀರು. ಇಲ್ಲಿ ಸ್ವಲ್ಪ ನಿಧಾನ

ಮಂಗಳೂರು ಪೇಟೆಗೆ ನೇತ್ರಾವತಿಯ ತುಂಬೆ ಡ್ಯಾಮಿನ ನೀರು, ಉಡುಪಿಗೆ ಸ್ವರ್ಣಾ ನದಿಯ ಬಜೆ ಡ್ಯಾಮಿನ ನೀರು, ಇವೆರಡು ಬಿಟ್ರೆ ಮನೆ ಮನೆಗೆ ಬಾವಿ. ಅಮೆರಿಕ 2024ರಲ್ಲಿ ಕುಡಿಯುವ ನೀರಿಗೆ ಪಿಎಫ್‌ಒಎ, ಪಿಎಫ್‌ಒಎಸ್ ತಲಾ ಲೀಟರಿಗೆ 4 ನ್ಯಾನೋಗ್ರಾಂ (ಒಂದು ನ್ಯಾನೋಗ್ರಾಂ ಅಂದ್ರೆ ಗ್ರಾಮಿನ ನೂರು ಕೋಟಿಯ ಒಂದು ಪಾಲು) ಅಂತ ಮಿತಿ ಇಟ್ಟಿತು. ಯುರೋಪಿನಲ್ಲಿ 20 ಪಿಎಫ್‌ಎಎಸ್ ಒಟ್ಟು ಸೇರಿ 100 ನ್ಯಾನೋಗ್ರಾಂ. ನಮ್ಮ ಕುಡಿಯುವ ನೀರಿನ ಐಎಸ್ 10500 ಸ್ಟ್ಯಾಂಡರ್ಡಿನ 2012ರ ಆವೃತ್ತಿಯಲ್ಲಿ ಪಿಎಫ್‌ಎಎಸ್‌ಗೆ ಮಿತಿಯೇ ಇಲ್ಲ.

4 ನ್ಯಾನೋಗ್ರಾಂ ಎಷ್ಟು ಸಣ್ಣದು ಅಂದ್ರೆ, 10 ಅಡಿ ಅಗಲದ ಬಾವಿಯಲ್ಲಿ 13 ಅಡಿ ನೀರಿದ್ರೆ ಸುಮಾರು 29,000 ಲೀಟರ್ ಆಯ್ತು, ಅಷ್ಟಕ್ಕೂ ಸೇರಿ ಒಂದು ಸಕ್ಕರೆ ಹರಳಿನ ಐದನೇ ಒಂದು ಪಾಲಿನಷ್ಟು. ಹಾಗಾಗಿ ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುದಿಲ್ಲ. ಟಿಡಿಎಸ್ ಮೀಟರಿನಲ್ಲೂ ಗೊತ್ತಾಗುದಿಲ್ಲ, ಅದು ಅಳೆಯುದು ಲವಣವನ್ನು. ಮನೆಗೆ ಬಂದು ಎರಡು ಗ್ಲಾಸಿಗೆ ಕಬ್ಬಿಣದ ಕಡ್ಡಿ ಮುಳುಗಿಸಿ ಕರೆಂಟ್ ಕೊಟ್ಟು "ನೋಡಿ ಅಮ್ಮ ನಿಮ್ಮ ನೀರು ಕಂದು ಆಯ್ತು" ಅನ್ನುವ ಸೇಲ್ಸ್‌ನವರು ಇದ್ದಾರೆ, ಆ ಕಂದು ಬಣ್ಣ ಕಡ್ಡಿಯ ತುಕ್ಕು ಮಾರಾಯ್ರೆ. ಲವಣ ಇದ್ದ ನೀರಲ್ಲಿ ಕರೆಂಟ್ ಹರಿದು ಕಡ್ಡಿ ಕರಗ್ತದೆ, ಆರ್‌ಒ ನೀರಲ್ಲಿ ಲವಣ ಇಲ್ಲ, ಕರೆಂಟ್ ಹರಿಯುದಿಲ್ಲ. ಅಷ್ಟೇ ಮ್ಯಾಜಿಕ್.

ಕುದಿಸಿದ್ರೆ ಹೋಗ್ತದಾ? ಇಲ್ಲ. ನೀರು ಆವಿಯಾಗಿ ಉಳಿದದ್ದು ಸ್ವಲ್ಪ ಗಟ್ಟಿಯೇ ಆಗ್ತದೆ. ಆದ್ರೂ ಕುದಿಸುದು ಬಿಡ್ಬೇಡಿ, ಟೈಫಾಯ್ಡ್, ಕಾಮಾಲೆಗೆ ಅದು ಬೇಕೇ ಬೇಕು, ಮಳೆಗಾಲದಲ್ಲಿ ಬಾವಿ ನೀರಿನ ನಿಜವಾದ ಶತ್ರು ಇನ್ನೂ ಕ್ರಿಮಿಗಳೇ. ಯುವಿ ಲೈಟಿಗೂ ಕ್ಯಾಂಡಲ್ ಫಿಲ್ಟರಿಗೂ ಪಿಎಫ್‌ಎಎಸ್ ಹೋಗುದಿಲ್ಲ. ಕೆಲಸ ಮಾಡುದು ಮೂರು: ಆಕ್ಟಿವೇಟೆಡ್ ಕಾರ್ಬನ್, ಅಯಾನ್ ಎಕ್ಸ್‌ಚೇಂಜ್, ಆರ್‌ಒ. ಕಾರ್ಬನ್ ಉದ್ದ ಸರಪಳಿಯ (ಕಾರ್ಬನ್ ಕೊಂಡಿ ಹೆಚ್ಚಿರುವ) ಹಳೇ ಕೆಮಿಕಲ್‌ಗಳನ್ನು ಚೆನ್ನಾಗಿ ಹಿಡೀತದೆ, ಈಗ ಬದಲಿಗೆ ಬಂದಿರುವ ಸಣ್ಣ ಸರಪಳಿಯವು ಅದರಿಂದ ಬೇಗ ಜಾರಿ ಹೋಗ್ತವೆ, ಅವಕ್ಕೆ ಆರ್‌ಒ ಮೇಲು. ಮತ್ತೆ ಕಾರ್ಬನ್ ಕಾರ್ಟ್ರಿಜ್ ತುಂಬಿದ ಮೇಲೂ ಹಾಗೆಯೇ ಬಿಟ್ರೆ ಹಿಡಿದದ್ದನ್ನು ವಾಪಸ್ ಬಿಡ್ಲಿಕ್ಕೂ ಶುರು ಮಾಡ್ಬಹುದು, ಅಂದ್ರೆ ಬದಲಿಸದ ಫಿಲ್ಟರ್ ಇರುದೂ ಒಂದೇ ಇಲ್ಲದಿರುದೂ ಒಂದೇ, ಕೆಲವು ಸಲ ಅದಕ್ಕಿಂತ ಕಡೆ.

ಹಾಗಾದ್ರೆ ಆರ್‌ಒ ತಗೊಳ್ಬೇಕಾ? ನನ್ನ ಉತ್ತರ, ಹೆಚ್ಚಿನ ಮನೆಗಳಿಗೆ ಬೇಡ. ಕರಾವಳಿಯ ಬಾವಿ ನೀರಲ್ಲಿ, ಉಪ್ಪು ನುಗ್ಗಿದ ಜಾಗ ಬಿಟ್ರೆ, ಟಿಡಿಎಸ್ ಮೊದಲೇ ಕಡಿಮೆ, ಇದ್ದ ಸ್ವಲ್ಪ ಕ್ಯಾಲ್ಸಿಯಂ ಮ್ಯಾಗ್ನೀಷಿಯಮ್ಮನ್ನೂ ತೆಗೆದು, ಅದರ ಮೇಲೆ ಒಂದು ಲೀಟರ್ ಕುಡೀಲಿಕ್ಕೆ ಇನ್ನೆರಡು ಮೂರು ಲೀಟರ್ ಚರಂಡಿಗೆ ಬಿಡುದು ಯಾವ ಲೆಕ್ಕ. ಯೋಚನೆ ಮಾಡ್ಬೇಕಾದವರು ಯಾರು ಅಂದ್ರೆ ಬಾವಿ ಡಂಪಿಂಗ್ ಯಾರ್ಡಿನ ಕೆಳಗಿನ ಇಳಿಜಾರಿನಲ್ಲಿ ಇರುವವರು, ಫೈರ್ ಡ್ರಿಲ್‌ನಲ್ಲಿ ಫೋಮ್ ಬಿಡುವ ಜಾಗಕ್ಕೆ ಹತ್ತಿರ ಇರುವವರು, ಬಟ್ಟೆಗೆ ಅಥವಾ ಲೋಹಕ್ಕೆ ಕೋಟಿಂಗ್ ಮಾಡುವ ಘಟಕದ ಪಕ್ಕದವರು. ಅವರು ಮೊದಲು ಟೆಸ್ಟ್ ಮಾಡಿಸಿ, ಆಮೇಲೆ ಫಿಲ್ಟರ್. ತಗೊಂಡ್ರೆ ಎನ್‌ಎಸ್‌ಎಫ್ 53 ಅಥವಾ 58 ಅನ್ನುವ ಫಿಲ್ಟರ್ ಗುಣಮಟ್ಟದ ಸರ್ಟಿಫಿಕೇಟ್ ಉಂಟಾ, ಅದರಲ್ಲಿ ಪಿಎಫ್‌ಒಎ ಪಿಎಫ್‌ಒಎಸ್ ಕಡಿಮೆ ಮಾಡ್ತದೆ ಅಂತ ಬರೆದಿದ್ಯಾ ನೋಡಿ. ಆ ಮನೆಯವರು ಆರ್‌ಒ ವೇಸ್ಟ್ ನೀರನ್ನು ಬಸಳೆ ಚಪ್ಪರಕ್ಕೆ ಬಿಡ್ಬೇಡಿ, ತೆಗೆದದ್ದೆಲ್ಲ ಅದರಲ್ಲಿಯೇ ಇರುದು.

ಟೆಸ್ಟ್ ಮಾಡಿಸುವ ಕ್ರಮ: ಪಂಚಾಯತಿನ, ಜಿಲ್ಲೆಯ ಮಾಮೂಲು ನೀರಿನ ಟೆಸ್ಟಿನಲ್ಲಿ ಇದು ಬರುದಿಲ್ಲ. ಎಲ್‌ಸಿ-ಎಂಎಸ್/ಎಂಎಸ್ ಅನ್ನುವ, ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ ಮೆಶಿನ್ ಇರುವ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್ ಬೇಕು. ಫೋನಿನಲ್ಲಿ ಎರಡೇ ಪ್ರಶ್ನೆ ಕೇಳಿ: ಅಮೆರಿಕದ ಪರಿಸರ ಸಂಸ್ಥೆ ಇಪಿಎಯ 533 ಅಥವಾ 537.1 ವಿಧಾನದಲ್ಲಿ ಮಾಡ್ತೀರಾ, ಎಷ್ಟು ನ್ಯಾನೋಗ್ರಾಮಿನವರೆಗೆ ಕಾಣ್ತದೆ. "ಮೈಕ್ರೋಗ್ರಾಮಿನಲ್ಲಿ ಕೊಡ್ತೇವೆ, ಅದಕ್ಕಿಂತ ಕೆಳಗೆ ಕಾಣುದಿಲ್ಲ" ಅಂದ್ರೆ ಬೇಡ, ಅವರ "ಪತ್ತೆಯಾಗಿಲ್ಲ" ರಿಪೋರ್ಟಿಗೆ ಬೆಲೆ ಇಲ್ಲ. ಬಾಟಲಿ ಲ್ಯಾಬಿನವರೇ ಕೊಟ್ಟದ್ದು ಆಗ್ಬೇಕು, ಮುಚ್ಚಳದ ಒಳಗೆ ಟೆಫ್ಲಾನ್ ಇರ್ಬಾರ್ದು. ಸ್ಯಾಂಪಲ್ ತೆಗೆಯುವಾಗ ವಾಟರ್‌ಪ್ರೂಫ್ ಜಾಕೆಟ್ ಹಾಕ್ಬೇಡಿ, ಕೈಗೆ ಕ್ರೀಮ್ ಬೇಡ. ಇದು ದುಬಾರಿ ಟೆಸ್ಟ್, ಒಬ್ಬೊಬ್ಬರೇ ಮಾಡಿಸುದಕ್ಕಿಂತ ನಾಲ್ಕು ಮನೆ ಸೇರಿ ಅತಿ ಕೆಳಗಿನ ಬಾವಿಯದ್ದು ಒಂದು ಮಾಡಿಸಿದ್ರೆ ಸಾಕು.

ಮಳೆ ನೀರು ಹಿಡಿಯುವವರು ಕೇಳ್ತಾರೆ. ಹೌದು, ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದವರು 2022ರಲ್ಲಿ ಜಗತ್ತಿನ ಎಲ್ಲ ಕಡೆಯ ಮಳೆಯಲ್ಲೂ ಪಿಎಫ್‌ಒಎ ಉಂಟು ಅಂತ ಬರೆದ್ರು, ಆದ್ರೆ ಅವರು ಹೋಲಿಸಿದ್ದು ಆಗ ಅಮೆರಿಕ ಇಟ್ಟಿದ್ದ ಅತಿ ಅತಿ ಸಣ್ಣ ಸಲಹಾ ಮಿತಿಗೆ. ಅದಕ್ಕೆ ಹೆದರಿ ಬಾವಿಗೆ ಮಳೆನೀರು ಇಂಗಿಸುದು ನಿಲ್ಲಿಸ್ಬೇಡಿ.

ಹಂತ 6: ಮೀನು ಬಿಡ್ಬೇಡಿ

ಪಿಎಫ್‌ಎಎಸ್ ಕೊಬ್ಬಿನಲ್ಲಿ ಅಲ್ಲ, ಪ್ರೋಟೀನಿಗೆ ಅಂಟಿ ರಕ್ತ ಮತ್ತು ಲಿವರಿನಲ್ಲಿ ಕೂರ್ತದೆ. ಯುರೋಪಿನ ಆಹಾರ ಸಂಸ್ಥೆ 2020ರಲ್ಲಿ ವಾರಕ್ಕೆ ಒಂದು ಕೆಜಿ ದೇಹತೂಕಕ್ಕೆ 4.4 ನ್ಯಾನೋಗ್ರಾಂ ಅಂತ ನಾಲ್ಕು ಪಿಎಫ್‌ಎಎಸ್ ಸೇರಿ ಮಿತಿ ಹಾಕಿದಾಗ ಮೀನು, ಮೊಟ್ಟೆಯ ಹೆಸರು ಹೇಳಿತ್ತು. ಅದನ್ನು ಓದಿ ಬಂಗುಡೆ, ಬೂತಾಯಿ ಬಿಟ್ಟವರಿದ್ದಾರೆ, ಅದು ಬುದ್ಧಿವಂತಿಕೆ ಅಲ್ಲ. ಸಣ್ಣ ಆಯಸ್ಸಿನ, ತೆರೆದ ಸಮುದ್ರದ ಮೀನು ಅವು, ಒಮೆಗಾ 3 ಕೊಡುವಷ್ಟು ಅಗ್ಗದ ವಸ್ತು ಬೇರೆ ಉಂಟಾ. ಕೊಳೆತ ತೋಡಿನ, ಫ್ಯಾಕ್ಟರಿ ನೀರು ಸೇರುವ ಜಾಗದ ಮೀನು ಮತ್ತು ಮರುವಾಯಿ ದಿನಾ ತಿನ್ಬೇಡಿ, ಒಂದೇ ಜಾತಿಯದ್ದು ಬೇಡ, ಬದಲಿಸಿ ಬದಲಿಸಿ ತಿನ್ನಿ. ಮೀನಿನ ಲಿವರ್ ಬಿಡಿ.

ಹಂತ 7: ಮಳೆಗಾಲದ ಬಟ್ಟೆ, ಇನ್ನು ಕೆಲವು ಚಿಲ್ಲರೆ

ಇಲ್ಲಿಯ ಮಳೆಗೆ ರೈನ್‌ಕೋಟ್ ಬಿಟ್ಟು ಬದುಕಿಲ್ಲ. ರಬ್ಬರ್ ಅಥವಾ ರೆಕ್ಸಿನ್ ತರದ ದಪ್ಪ ರೈನ್‌ಕೋಟಿಗೆ ಫ್ಲೋರಿನ್ ಬೇಡ, ಆ ವಸ್ತುವೇ ನೀರು ಬಿಡುದಿಲ್ಲ. ಹನಿ ಮಣಿಯ ಹಾಗೆ ಜಾರಿ ಬೀಳುವ, ಗಾಳಿಯಾಡುವ ಟ್ರೆಕ್ಕಿಂಗ್ ಜಾಕೆಟುಗಳಲ್ಲಿ ಅನುಮಾನ, ಅಲ್ಲಿ "ಪಿಎಫ್‌ಸಿ ಫ್ರೀ" ಅಥವಾ "ಪಿಎಫ್‌ಎಎಸ್ ಫ್ರೀ" ನೋಡಿ. ಸೋಫಾಗೆ, ಕಾರಿನ ಸೀಟಿಗೆ ಕಲೆ ಹಿಡಿಯದ ಸ್ಪ್ರೇ ಹೊಡೆಸುದು ಬೇಡ. ವಾಟರ್‌ಪ್ರೂಫ್ ಮೇಕಪ್ಪಿನ ಹಿಂದೆ "ಪಿಟಿಎಫ್‌ಇ" ಅಥವಾ "ಪರ್‌ಫ್ಲೋರೊ" ಅಂತ ಕಂಡ್ರೆ ವಾಪಸ್ ಇಡಿ. ಮಗು ನೆಲದಲ್ಲಿ ಅಂಬೆಗಾಲಿಡುವ ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಧೂಳೂ ಒಂದು ದಾರಿ. ಪ್ಲಂಬರಿನ ಬಿಳಿ ಟೇಪಿಗೆ ತಲೆಕೆಡಿಸ್ಬೇಡಿ.

ಹಂತ 8: ಡಾಕ್ಟರ್ ಹತ್ರ ಎಂತ ಕೇಳುದು

ರಕ್ತದಿಂದ ಇದನ್ನು ತೆಗೆಯುದಕ್ಕೆ ಅಂತ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. "ಡಿಟಾಕ್ಸ್" ಅಂತ ಮಾರುದೆಲ್ಲ ಸುಳ್ಳು. ಡಂಪ್ ಅಥವಾ ಕೆಮಿಕಲ್ ಘಟಕದ ಹತ್ರ ವರ್ಷಗಟ್ಟಲೆ ಅದೇ ಬಾವಿ ನೀರು ಕುಡಿದವರು ಕೊಲೆಸ್ಟ್ರಾಲ್, ಥೈರಾಯ್ಡ್ ಟೆಸ್ಟ್ ಬಿಡದೆ ಮಾಡಿಸಿ, ಗರ್ಭಿಣಿಯರು ಬಿಪಿ ನೋಡಿಸ್ತಾ ಇರಿ, ಅವು ಹೇಗೂ ಮಾಡಿಸ್ಬೇಕಾದ ಟೆಸ್ಟುಗಳೇ. ಎದೆಹಾಲಿನಲ್ಲಿ ಸ್ವಲ್ಪ ಹೋಗ್ತದೆ ನಿಜ, ಆದ್ರೆ ಎದೆಹಾಲು ನಿಲ್ಲಿಸ್ಬೇಡಿ, ಅದರ ಲಾಭ ತುಂಬ ದೊಡ್ಡದು ಅಂತ ಆರೋಗ್ಯ ಸಂಸ್ಥೆಗಳೂ ಹೇಳುದು.

ಕುತೂಹಲದ ಒಂದು ವಿಷಯ, ಆಸ್ಟ್ರೇಲಿಯಾದಲ್ಲಿ 285 ಅಗ್ನಿಶಾಮಕ ಸಿಬ್ಬಂದಿ ಮೇಲೆ ಪ್ರಯೋಗ ಮಾಡಿದ್ರು, ಒಂದು ವರ್ಷ ನಿಯಮಿತವಾಗಿ ರಕ್ತ ಅಥವಾ ಪ್ಲಾಸ್ಮಾ ಕೊಟ್ಟವರ ಮೈಯಲ್ಲಿ ಪಿಎಫ್‌ಎಎಸ್ ಕಡಿಮೆ ಆಯ್ತು, 2022ರಲ್ಲಿ ಪ್ರಕಟ ಆಗಿದೆ. ನಮ್ಮಲ್ಲಿ ಎಲ್ಲ ಯುವಕ ಮಂಡಲದವರೂ ರಕ್ತದಾನ ಶಿಬಿರ ಮಾಡ್ತಾರೆ, ಹೋಗುವವರು ಹೋಗ್ತಾ ಇರಿ, ಆದ್ರೆ ಇದೇ ಕಾರಣಕ್ಕೆ ಹೋಗುದು ಬೇಡ, ಪಡೆಯುವವನ ಮೈಗೆ ಅದೇ ಹೋಗುದಲ್ವಾ.

ಹಂತ 9: ಮನೆಯ ಹೊರಗೆ, ಫೋಮ್ ಮತ್ತು ಆರ್‌ಟಿಐ

ಪೆಟ್ರೋಲ್ ಬೆಂಕಿಗೆ ನೀರು ಆಗುದಿಲ್ಲ, ಫೋಮ್ ಬೇಕು. ಎಎಫ್‌ಎಫ್‌ಎಫ್ ಅನ್ನುವ ಹಳೇ ತರದ ಫೋಮಿನಲ್ಲಿ ಪಿಎಫ್‌ಎಎಸ್ ಇರ್ತದೆ. ಜಗತ್ತಿನಲ್ಲಿ ಅಂತರ್ಜಲ ಹಾಳಾದ ಎಷ್ಟೋ ಜಾಗ ವಿಮಾನ ನಿಲ್ದಾಣ, ಮಿಲಿಟರಿ ನೆಲೆಯ ಫೈರ್ ಟ್ರೈನಿಂಗ್ ಮೈದಾನಗಳೇ. ನಿಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ರೂಮಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಇರುವ ಫೋಮ್ ಸಿಲಿಂಡರ್ ಮೇಲೆ ಓದಿ, ಎಎಫ್‌ಎಫ್‌ಎಫ್ ಅಂತ ಬರೆದಿರ್ಬಹುದು. ಬೆಂಕಿ ಬಿದ್ರೆ ಖಂಡಿತ ಬಳಸಿ, ಜೀವ ಮೊದಲು. ಆದ್ರೆ ಡ್ರಿಲ್ ಮಾಡುವಾಗ ನೀರಿನ ಸಿಲಿಂಡರ್ ಬಳಸಿ, ರೀಫಿಲ್ಲಿಗೆ ಬಂದವರು ಹಳೇದನ್ನು ಅಂಗಳದ ಚರಂಡಿಗೆ, ಬಾವಿ ಹತ್ರದ ಮಣ್ಣಿಗೆ ಖಾಲಿ ಮಾಡ್ಲಿಕ್ಕೆ ಬಿಡ್ಬೇಡಿ, ವಾಪಸ್ ತಗೊಂಡು ಹೋಗ್ಲಿ. ಹೊಸದಕ್ಕೆ "ಫ್ಲೋರಿನ್ ಫ್ರೀ ಫೋಮ್" ಕೇಳಿ. ಅಸೋಸಿಯೇಷನ್ ಮೀಟಿಂಗಲ್ಲಿ ಇದೊಂದು ಪಾಯಿಂಟ್ ಬರೆಸಿದ್ರೆ ಮನೆ ಮನೆಗೆ ಆರ್‌ಒ ಹಾಕಿದ್ದಕ್ಕಿಂತ ಹೆಚ್ಚು ಉಪಕಾರ.

ದೊಡ್ಡ ಲೆಕ್ಕದಲ್ಲಿ ನೋಡಿದ್ರೆ, ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ, ಅದೇ ಕುಟುಂಬದ ಪಿಎಫ್‌ಎಚ್‌ಎಕ್ಸ್‌ಎಸ್ 2022ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಅಂದ್ರೆ ಬೇಗ ಒಡೆಯದ ವಿಷ ಕೆಮಿಕಲ್‌ಗಳನ್ನು ತಡೆಯುವ ಜಾಗತಿಕ ಒಪ್ಪಂದದ, ಪಟ್ಟಿಗೆ ಸೇರಿದ್ವು. ಆದ್ರೆ ಒಂದನ್ನು ನಿಲ್ಲಿಸಿದ್ರೆ ಸಂಬಂಧಿ ಇನ್ನೊಂದು ಬರ್ತದೆ, ಒಂದು ದೇಶದಲ್ಲಿ ಮುಚ್ಚಿದ್ರೆ ಇನ್ನೊಂದರಲ್ಲಿ ತೆರೀತದೆ. ಇಟಲಿಯ ವಿಚೆಂಜಾ ಹತ್ರದ, ಪಿಎಫ್‌ಎಎಸ್ ತಯಾರಿಸ್ತಾ ಇದ್ದ ಮಿಟೆನಿ ಫ್ಯಾಕ್ಟರಿ ನೀರು ಹಾಳು ಮಾಡಿ 2018ರಲ್ಲಿ ಮುಚ್ಚಿತು, 2025ರ ಜೂನಿನಲ್ಲಿ ಅದಕ್ಕೆ ಸಂಬಂಧಪಟ್ಟ 11 ಜನರಿಗೆ ಅಲ್ಲಿನ ಕೋರ್ಟ್ ಶಿಕ್ಷೆ ಕೊಟ್ಟಿತು. ಅದರ ಮೆಶಿನರಿ ಬಂದದ್ದು ಎಲ್ಲಿಗೆ ಗೊತ್ತುಂಟಾ, ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮಕ್ಕೆ. ನಾವು ಮುಂಬಯಿಗೆ ಹೋಗುವ ಕೊಂಕಣ ರೈಲು ಅದೇ ಖೇಡ್-ಚಿಪ್ಳೂಣ್ ದಾರಿಯಲ್ಲೇ ಹೋಗುದು. ಇದನ್ನು ಓದಿದ ಮೇಲೆ ನಮ್ಮ ಜಿಲ್ಲೆಯಲ್ಲಿ ಯಾರು ಎಂತ ಬಳಸ್ತಾರೆ ಅಂತ ಕೇಳುದು ಅತಿಯಲ್ಲ ಅಂತ ನನಗೆ ಕಾಣ್ತದೆ.

ಕೇಳುದು ಹೀಗೆ, ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ ಹಾಕಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಮಂಗಳೂರಿನವರಿಗೆ ಬೈಕಂಪಾಡಿಯಲ್ಲಿ ಉಂಟು. ನಗರಪಾಲಿಕೆ, ಅಗ್ನಿಶಾಮಕ ಇಲಾಖೆಗೂ ಹಾಕ್ಬಹುದು, ಬಂದರು, ವಿಮಾನ ನಿಲ್ದಾಣದಂಥ ಕಡೆ ಮಾಹಿತಿ ಅಧಿಕಾರಿ ಯಾರು ಅಂತ ಮೊದಲು ವಿಚಾರಿಸಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡ್ ಇದ್ರೆ ಅದೂ ಬೇಡ, 30 ದಿನದಲ್ಲಿ ಉತ್ತರ ಕೊಡ್ಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಹಾಗಾಗಿ ಭಾಷಣ ಬರೀಬೇಡಿ. ಅಗ್ನಿಶಾಮಕದವರಿಗೆ: ಸ್ಟಾಕಿನಲ್ಲಿ ಇರುವ ಫೋಮ್ ಯಾವ ತರದ್ದು, ಎಷ್ಟು ಲೀಟರ್, ಕಳೆದ ಮೂರು ವರ್ಷದಲ್ಲಿ ಡ್ರಿಲ್ ಎಲ್ಲಿ ಮಾಡಿದ್ದು, ಅವಧಿ ಮುಗಿದದ್ದನ್ನು ಯಾರಿಗೆ ಕೊಟ್ಟದ್ದು. ಪಾಲಿಕೆಗೆ ಬೇರೆ ಅರ್ಜಿ: ಡಂಪಿಂಗ್ ಯಾರ್ಡಿನ ಲೀಚೇಟ್ (ಕಸದಿಂದ ಇಳಿಯುವ ಕಪ್ಪು ನೀರು) ಮತ್ತು ಸುತ್ತಲಿನ ಬಾವಿಗಳ ಟೆಸ್ಟ್ ರಿಪೋರ್ಟಿನ ನಕಲು, ಅದರಲ್ಲಿ ಯಾವ ಯಾವ ಅಂಶ ಅಳೆದದ್ದು ಅನ್ನುವ ಪಟ್ಟಿ. ಪಿಎಫ್‌ಎಎಸ್ ಅಳೆದಿಲ್ಲ ಅಂತ ಉತ್ತರ ಬಂದ್ರೆ ಬಿಸಾಡ್ಬೇಡಿ, ಆ ಕಾಗದವನ್ನೇ ಜೊತೆಗಿಟ್ಟು ವಾರ್ಡಿನ ನಾಲ್ಕು ಮನೆಯವರ ಸಹಿ ಹಾಕಿಸಿ ಅಳೆಯಿರಿ ಅಂತ ಮಂಡಳಿಗೆ ಮನವಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬನ್ನಿ.